ಕಂಪೈಲ್ ಆದ ಫೈಲಿನಲ್ಲಿ ಉಳಿದ ಕೀ: ಸ್ಕ್ಯಾನರ್‌ಗೆ ಯಾಕೆ ಕಾಣಲಿಲ್ಲ, ಹೇಗೆ ಹುಡುಕಬೇಕು

ಕೋಡ್‌ನಲ್ಲಿ ಮರೆತು ಉಳಿದ ಕೀ, ಟೋಕನ್, ಪಾಸ್‌ವರ್ಡ್‌ನಂಥ ಗುಟ್ಟುಗಳನ್ನು ಹುಡುಕುವ ಸ್ಕ್ಯಾನರ್‌ನಿಂದ ಸೋರ್ಸ್ ಕೋಡ್ ಸ್ಕ್ಯಾನ್ ಆಗಿದೆ, ವರದಿಯಲ್ಲಿ ಸೊನ್ನೆ. ರಿಪಾಸಿಟರಿಯ ಹಳೆಯ ಕಮಿಟ್‌ಗಳನ್ನೂ ಜಾಲಾಡಿದ್ದಾಗಿದೆ, ಅಲ್ಲೂ ಏನಿಲ್ಲ. ಆದರೂ ಬಿಡುಗಡೆಯಾದ ಪ್ಯಾಕೇಜಿನೊಳಗೆ ಚಾಲ್ತಿಯಲ್ಲಿರುವ ಟೋಕನ್ ಸಿಕ್ಕಿದೆ ಎಂದು ಹೊರಗಿನವರು ತಿಳಿಸುತ್ತಾರೆ. ಇದು ಸಾಧ್ಯವೇ ಎಂದು ಅನುಮಾನಿಸುವುದರಲ್ಲಿ ಹೊತ್ತು ಕಳೆಯಬೇಡಿ. ಬಿಲ್ಡ್ ನಡೆದ ಯಂತ್ರದಲ್ಲಿದ್ದದ್ದು ಮತ್ತು ಗಿಟ್‌ನಲ್ಲಿರುವುದು ಒಂದೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಗಿರಾಕಿಯ ಕೈಗೆ ಹೋಗುವುದು ಮೊದಲನೆಯದು, ನೀವು ಸ್ಕ್ಯಾನ್ ಮಾಡಿದ್ದು ಎರಡನೆಯದು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 2024ರದು. ಡಾಕರ್ ಹಬ್‌ನಲ್ಲಿ ಎಲ್ಲರಿಗೂ ತೆರೆದಿದ್ದ ಒಂದು ಇಮೇಜ್‌ನೊಳಗಿನ (ಪ್ರೋಗ್ರಾಂ ಮತ್ತು ಅದು ಓಡಲು ಬೇಕಾದದ್ದನ್ನೆಲ್ಲ ಕಟ್ಟಿಟ್ಟ ಗಂಟು) ಪಿವೈಸಿ ಫೈಲಿನಲ್ಲಿ (ಕಂಪೈಲ್ ಆದ ಪೈಥಾನ್ ಕೋಡ್) ಜೆಫ್ರಾಗ್ ಸಂಸ್ಥೆಯ ಸಂಶೋಧಕರಿಗೆ ಒಂದು ಗಿಟ್‌ಹಬ್ ಟೋಕನ್ ಸಿಕ್ಕಿತು. ಪೈಥಾನ್ ಭಾಷೆಯ, ಪೈಪಿಐ ಭಂಡಾರದ ಹಾಗೂ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ರಿಪಾಸಿಟರಿಗಳ ಮೇಲೆ ಅದಕ್ಕೆ ಆಡಳಿತದ ಹಕ್ಕಿತ್ತು. ಪರೀಕ್ಷೆಗೆಂದು ಸೋರ್ಸ್‌ನಲ್ಲಿ ತಾತ್ಕಾಲಿಕವಾಗಿ ಬರೆದಿದ್ದ ಸಾಲನ್ನು ಆಮೇಲೆ ಅಳಿಸಲಾಗಿತ್ತು. ಆದರೆ ಆ ಸಾಲಿದ್ದಾಗ ಕಂಪೈಲ್ ಆದ ಪಿವೈಸಿ ಹಾಗೇ ಕುಳಿತಿತ್ತು, ಇಮೇಜ್‌ನೊಳಗೂ ಹೋಯಿತು. ತಿಳಿಸಿದ ಕೆಲವೇ ನಿಮಿಷಗಳಲ್ಲಿ ಟೋಕನ್ ರದ್ದಾಯಿತು. ಸೋರ್ಸ್ ಸ್ಕ್ಯಾನ್ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಇದನ್ನು ಹಿಡಿಯುವ ದಾರಿಯೇ ಇರಲಿಲ್ಲ.

ಹಾಗಾಗಿ ಇಲ್ಲಿ ಪರಿಶೀಲಿಸಬೇಕಾದ ದೋಷ "ಕೀ ಸೋರಿದೆ" ಎಂಬುದಷ್ಟೇ ಅಲ್ಲ. "ಸ್ಕ್ಯಾನರ್ ಏನೂ ಇಲ್ಲ ಎಂದಿತಲ್ಲ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು" ಎಂಬ ಪ್ರಶ್ನೆಯಿಂದ ಶುರು ಮಾಡಬೇಕು.

ಮೊದಲು ಸ್ಕ್ಯಾನರನ್ನೇ ಪರೀಕ್ಷಿಸಿ

ಒಂದು ನಕಲಿ ಕೀಯನ್ನು ಸೋರ್ಸ್‌ನಲ್ಲಿ ಬೇಕೆಂದೇ ಇಟ್ಟು, ಎಂದಿನ ಬಿಲ್ಡ್ ಪೂರ್ತಿ ನಡೆಸಿ, ಕೊನೆಯಲ್ಲಿ ಹೊರಬರುವ ಫೈಲನ್ನು (ಪೈಥಾನ್‌ನ ವೀಲ್, ಜಾವಾದ ಜಾರ್, ಆಂಡ್ರಾಯ್ಡ್‌ನ ಎಪಿಕೆ, ಡಾಕರ್ ಇಮೇಜ್, ಯಾವುದಾದರೂ ಸರಿ) ಸ್ಕ್ಯಾನರ್‌ಗೆ ಕೊಡಿ. ಅದು ಸಿಕ್ಕಿದರೆ ಮುಂದಿನ ಹೆಜ್ಜೆ. ಸಿಗದಿದ್ದರೆ, ಇಷ್ಟು ದಿನ ಬಂದ ಸೊನ್ನೆ ವರದಿಗಳಿಗೆ ಅರ್ಥವೇ ಇಲ್ಲ.

ನಕಲಿ ಕೀ ಆರಿಸುವಾಗ ಮೂರು ಕಡೆ ಎಡವುತ್ತಾರೆ. ಎಡಬ್ಲ್ಯೂಎಸ್ ದಾಖಲೆಗಳಲ್ಲಿ ಬರುವ, "ಎಕ್ಸಾಂಪಲ್" ಎಂದು ಮುಗಿಯುವ ಮಾದರಿ ಕೀಯನ್ನು ಬಳಸಬೇಡಿ. ಅದು ನಿಜವಲ್ಲವೆಂದು ಗೊತ್ತಿರುವುದರಿಂದ ಬಹಳಷ್ಟು ಸ್ಕ್ಯಾನರ್‌ಗಳು ಅದನ್ನು ಬಿಟ್ಟುಬಿಡುವ ಪಟ್ಟಿಯಲ್ಲೇ ಇಟ್ಟಿರುತ್ತವೆ. ಒಂದೇ ಅಕ್ಷರವನ್ನು ಸಾಲಾಗಿ ಒತ್ತಿ ಮಾಡಿದ ಕೀಯೂ ಬೇಡ, ಯಾದೃಚ್ಛಿಕತೆಯ (ಎಂಟ್ರೊಪಿ, ಅಂದರೆ ಅಕ್ಷರಗಳು ಎಷ್ಟು ಅಡ್ಡಾದಿಡ್ಡಿಯಾಗಿವೆ ಎಂಬ ಅಳತೆ) ಸೋಸುವಿಕೆಯಲ್ಲಿ ಅದು ಬಿದ್ದುಹೋಗುತ್ತದೆ. ಮೂರನೆಯದು ಗಿಟ್‌ಹಬ್ ಟೋಕನ್. 2021ರಿಂದ ಬಂದ ಹೊಸ ರೂಪದಲ್ಲಿ ಕೊನೆಯ 6 ಅಕ್ಷರಗಳು ಸಿಆರ್‌ಸಿ32 ತಾಳೆಸಂಖ್ಯೆ, ಅಂದರೆ ಉಳಿದ ಅಕ್ಷರಗಳಿಂದ ಲೆಕ್ಕಹಾಕಿದ್ದು. ತಾಳೆ ನೋಡುವ ಸ್ಕ್ಯಾನರ್ ನಿಮ್ಮ ಕಲ್ಪಿತ ಟೋಕನ್ನನ್ನು ಸುಳ್ಳೆಂದು ಸರಿಯಾಗಿಯೇ ತಳ್ಳಿಹಾಕುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ನಿಜವಾಗಿ ಪಡೆದು ತಕ್ಷಣವೇ ರದ್ದು ಮಾಡಿದ, ಯಾವ ಹಕ್ಕೂ ಇಲ್ಲದ ಒಂದು ಟೋಕನ್. ಅದು ರೂಪದಲ್ಲಿ ಅಸಲಿ, ಕೆಲಸದಲ್ಲಿ ಸತ್ತದ್ದು.

ಆ ಸತ್ತ ಟೋಕನ್ನೂ ವರದಿಯಲ್ಲಿ ಬರದಿದ್ದರೆ ಸೆಟ್ಟಿಂಗ್ ನೋಡಿ. ಟ್ರಫಲ್‌ಹಾಗ್‌ನಂಥ ಉಪಕರಣಗಳು ಸಿಕ್ಕ ಕೀಯನ್ನು ಆಯಾ ಸೇವೆಗೆ ಕಳುಹಿಸಿ, ಅದು ಈಗಲೂ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳುತ್ತವೆ. "ಖಚಿತವಾದದ್ದನ್ನು ಮಾತ್ರ ತೋರಿಸು" ಎಂಬ ಆಯ್ಕೆ ಹಾಕಿದ್ದರೆ ರದ್ದಾದ ಕೀ ಕಾಣುವುದಿಲ್ಲ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಬಿಲ್ಡ್ ಯಂತ್ರಕ್ಕೆ ಹೊರಗಿನ ಇಂಟರ್ನೆಟ್ ಮುಚ್ಚಿದ್ದರೆ ಯಾವ ಕೀಯೂ ಖಚಿತವಾಗದು, ಆಗ ಚಾಲ್ತಿಯಲ್ಲಿರುವ ಕೀಯೂ ವರದಿಯಿಂದ ಮಾಯ. ಕಂಪೈಲ್ ಆದ ಫೈಲುಗಳ ಮಟ್ಟಿಗೆ ಈ ಆಯ್ಕೆ ತೆಗೆದುಹಾಕಿ, ಬರುವ ಗದ್ದಲವನ್ನು ಬೇರೆ ರೀತಿಯಲ್ಲಿ ತಗ್ಗಿಸಿಕೊಳ್ಳುವುದೇ ಸರಿ.

ಫೈಲನ್ನು ತೆರೆದೇ ಇಲ್ಲದಿದ್ದರೆ

ಸೊನ್ನೆ ಬರಲು ಅತಿ ಸಾಮಾನ್ಯ ಕಾರಣ ಇದೇ. ಗಿಟ್ ಇತಿಹಾಸವನ್ನು ಓದುವ ಸ್ಕ್ಯಾನರ್‌ಗೆ ಕಮಿಟ್ ಆದದ್ದಷ್ಟೇ ಕಾಣುತ್ತದೆ. ಪೈಕ್ಯಾಶ್ (ಪಿವೈಸಿಗಳು ಕೂರುವ ಜಾಗ), ಬಿಲ್ಡ್, ಡಿಸ್ಟ್, ಟಾರ್ಗೆಟ್ ಫೋಲ್ಡರ್‌ಗಳೆಲ್ಲ ಗಿಟ್ ಬಿಟ್ಟುಬಿಡಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿರುವುದರಿಂದ ಅವು ಅದರ ಲೆಕ್ಕಕ್ಕೇ ಬರುವುದಿಲ್ಲ. ಫೋಲ್ಡರ್ ಸ್ಕ್ಯಾನ್‌ಗೆ ಬದಲಾಯಿಸಿದರೂ ಗಿಟ್‌ಇಗ್ನೋರ್ ಅನ್ನು ಗೌರವಿಸುವ ಉಪಕರಣಗಳಿವೆ. ಫೈಲುಗಳಲ್ಲಿ ಪಠ್ಯ ಹುಡುಕುವ ರಿಪ್‌ಗ್ರೆಪ್ ಹಾಗೆ ಮಾಡುತ್ತದೆ. ಸಾಲದ್ದಕ್ಕೆ ಫೋಲ್ಡರ್ ಜಾಲಾಡುವಾಗ ಸೊನ್ನೆ ಬೈಟ್ ಕಂಡ ಕೂಡಲೇ ಇದು ಬೈನರಿ ಎಂದು ಆ ಫೈಲನ್ನು ಅಲ್ಲಿಗೇ ಬಿಡುತ್ತದೆ. ಯು ಆಯ್ಕೆಯನ್ನು ಮೂರು ಸಲ ಕೊಟ್ಟರೆ ಅಡಗಿದ ಫೈಲು, ಬಿಟ್ಟ ಫೈಲು, ಬೈನರಿ ಎಲ್ಲವನ್ನೂ ನೋಡುತ್ತದೆ. ಜೊತೆಗೆ ಎ ಆಯ್ಕೆ ಕೊಟ್ಟರೆ ಬೈನರಿಯನ್ನು ಪಠ್ಯದಂತೆಯೇ ಓದಿ ಸಿಕ್ಕದ್ದನ್ನು ತೋರಿಸುತ್ತದೆ. ಸಾದಾ ಗ್ರೆಪ್‌ಗೂ ಎ ಆಯ್ಕೆ ಬೇಕು. ಇಲ್ಲದಿದ್ದರೆ "ಬೈನರಿ ಫೈಲ್ ಹೊಂದುತ್ತದೆ" ಎಂಬ ಒಂದು ಸಾಲು ಬರುತ್ತದೆ, ಅದನ್ನು ಮುಂದಿನ ಸ್ಕ್ರಿಪ್ಟ್ ನುಂಗಿಬಿಡುತ್ತದೆ.

ಗಾತ್ರದ ಮಿತಿಯನ್ನೂ ನೋಡಿ. ಇಷ್ಟು ಮೆಗಾಬೈಟ್‌ಗಿಂತ ದೊಡ್ಡದನ್ನು ಬಿಟ್ಟುಬಿಡು ಎಂಬ ಮಿತಿ ಅನೇಕ ಸ್ಕ್ಯಾನರ್‌ಗಳಲ್ಲಿ ಮೊದಲೇ ಇರುತ್ತದೆ, ಗೋ ಭಾಷೆಯ ಒಂದು ಸಾಧಾರಣ ಪ್ರೋಗ್ರಾಂ ಹತ್ತಾರು ಮೆಗಾಬೈಟ್ ತೂಗುತ್ತದೆ.

ಆಮೇಲೆ ಆರ್ಕೈವ್. ವೀಲ್, ಜಾರ್, ವಾರ್, ಎಪಿಕೆ, ಐಪಿಎ, ನ್ಯೂಗೆಟ್ ಪ್ಯಾಕೇಜ್ ಎಲ್ಲವೂ ಹೆಸರು ಬೇರೆಯಾದರೂ ಒಳಗೆ ಜಿಪ್. ಅದರೊಳಗಿನ ಫೈಲುಗಳು ಒತ್ತಿ ಕುಗ್ಗಿಸಿದವು, ಆದ್ದರಿಂದ ಜಾರ್ ಮೇಲೆ ನೇರವಾಗಿ ಸ್ಟ್ರಿಂಗ್ಸ್ (ಬೈನರಿಯಲ್ಲಿ ಓದಬಲ್ಲ ಅಕ್ಷರಸಾಲುಗಳನ್ನು ಹೆಕ್ಕಿ ತೋರಿಸುವ ಆಜ್ಞೆ) ಓಡಿಸಿದರೆ ಒಳಗಿನ ಫೈಲುಗಳ ಹೆಸರಷ್ಟೇ ಕಾಣುತ್ತದೆ. ವಾರ್ ಒಳಗೆ ಜಾರ್, ಆ ಜಾರ್ ಒಳಗೆ ಇನ್ನೊಂದು ಜಾರ್ ಇರುವುದು ಮಾಮೂಲು. ಸ್ಕ್ಯಾನರ್ ಎಷ್ಟು ಪದರ ಬಿಚ್ಚುತ್ತದೆ ಎಂದು ಗೊತ್ತಿಲ್ಲದಿದ್ದರೆ ನೀವೇ ಪೂರ್ತಿ ಬಿಚ್ಚಿ, ಬಿಚ್ಚಿದ ಫೋಲ್ಡರ್ ಕೊಡಿ. ಬಿಚ್ಚುವ ಸ್ಕ್ರಿಪ್ಟ್ ಫೈಲಿನ ಬಾಲ ನೋಡದೆ ಮೊದಲ ಬೈಟ್‌ಗಳನ್ನು ನೋಡಲಿ: 50 4ಬಿ 03 04 ಎಂದಿದ್ದರೆ ಜಿಪ್, 1ಎಫ್ 8ಬಿ ಎಂದಿದ್ದರೆ ಜಿಜಿಪ್.

ತೆರೆದರೂ ಓದಲಾಗದಿದ್ದರೆ

ನಕಲಿ ಕೀ ಇರುವ ಫೈಲನ್ನು ಸ್ಕ್ಯಾನರ್ ತೆರೆದಿದೆ ಎಂದು ಖಚಿತವಾದರೂ ಕೀ ಸಿಗದಿದ್ದರೆ, ಬೈಟ್‌ಗಳು ನೀವು ಅಂದುಕೊಂಡ ರೂಪದಲ್ಲಿಲ್ಲ ಎಂದರ್ಥ.

ಡಾಟ್‌ನೆಟ್‌ನಲ್ಲಿ ಕೋಡ್‌ನೊಳಗೆ ಬರೆದ ಸ್ಟ್ರಿಂಗ್‌ಗಳು (ಅಕ್ಷರಸಾಲುಗಳು) ಯುಟಿಎಫ್-16ರಲ್ಲಿರುತ್ತವೆ. ಪ್ರತಿ ಅಕ್ಷರದ ನಂತರ ಒಂದು ಸೊನ್ನೆ ಬೈಟ್. ಕ್ಲಾಸು, ಮೆಥಡ್‌ಗಳ ಹೆಸರು ಮಾತ್ರ ಯುಟಿಎಫ್-8. ಇದರಿಂದ ಒಂದು ಮೋಸ ಆಗುತ್ತದೆ: ಸಾದಾ ಸ್ಟ್ರಿಂಗ್ಸ್ ಓಡಿಸಿದರೆ ಪರದೆ ತುಂಬ ಹೆಸರುಗಳು ಬರುತ್ತವೆ, ಎಲ್ಲ ಓದಿದೆ ಅನ್ನಿಸುತ್ತದೆ, ಪಾಸ್‌ವರ್ಡ್ ಇರುವ ಭಾಗ ಮಾತ್ರ ಒಂದಕ್ಷರವೂ ಬಂದಿರುವುದಿಲ್ಲ. ಗ್ನೂ ಸ್ಟ್ರಿಂಗ್ಸ್‌ಗೆ ಇ ಆಯ್ಕೆಯೊಂದಿಗೆ ಸಣ್ಣಕ್ಷರದ ಎಲ್ ಕೊಟ್ಟು ಎರಡನೇ ಸಲ ಓಡಿಸಬೇಕು. ದೊಡ್ಡಕ್ಷರದ ಎಲ್ ಕೊಟ್ಟರೆ ಅದು 32 ಬಿಟ್‌ನ ಅಕ್ಷರ ಹುಡುಕುತ್ತದೆ, ಇಲ್ಲಿ ಉಪಯೋಗಕ್ಕೆ ಬಾರದು. ವಿಂಡೋಸ್‌ಗೆ ಬರೆದ ಸಿ++ ಪ್ರೋಗ್ರಾಂಗಳಲ್ಲೂ ಯುಟಿಎಫ್-16 ಸಾಮಾನ್ಯ. ಹಾಗಾಗಿ ವಿಂಡೋಸ್ ಬೈನರಿ ಎಂದರೆ ಎರಡು ಸಲ ಓಡಿಸುವುದನ್ನು ರೂಢಿ ಮಾಡಿಕೊಳ್ಳಿ.

ಸ್ಟ್ರಿಂಗ್ಸ್ ಬಗ್ಗೆ ಇನ್ನೆರಡು ಮಾತು. ಹಳೆಯ ಆವೃತ್ತಿಗಳು ಆಬ್ಜೆಕ್ಟ್ ಫೈಲಿನ ಕೆಲವು ವಿಭಾಗಗಳನ್ನಷ್ಟೇ ನೋಡುತ್ತಿದ್ದವು, ಎ ಆಯ್ಕೆ ಕೊಟ್ಟರೆ ಪೂರ್ತಿ ಫೈಲ್. ಕನಿಷ್ಠ ಉದ್ದ ಮಾಮೂಲಾಗಿ 4 ಅಕ್ಷರ. ಕೀ ಹುಡುಕಾಟಕ್ಕೆ 8 ಇಟ್ಟರೆ ಕಸ ಬಹಳ ಕಡಿಮೆಯಾಗುತ್ತದೆ. 16ಕ್ಕೆ ಏರಿಸಿದರೆ ಮನುಷ್ಯರು ಇಟ್ಟ ಪಾಸ್‌ವರ್ಡ್‌ಗಳು ಕೈತಪ್ಪುತ್ತವೆ. ಜೊತೆಗೆ ಟಿ ಆಯ್ಕೆಗೆ ಎಕ್ಸ್ ಕೊಟ್ಟು, ಪ್ರತಿ ಸಾಲಿನ ಮುಂದೆ ಅದು ಫೈಲಿನ ಯಾವ ಜಾಗದಲ್ಲಿದೆ ಎಂಬುದನ್ನು ಹೆಕ್ಸಾದಲ್ಲಿ ಪಡೆದುಕೊಳ್ಳಿ. ಮೂಲ ಹುಡುಕುವಾಗ ಇದು ಬೇಕೇ ಬೇಕು.

ಪೂರ್ತಿ ಫೈಲಿನ ಯಾದೃಚ್ಛಿಕತೆ ಬೈಟ್‌ಗೆ 8 ಬಿಟ್‌ನ ಹತ್ತಿರವಿದ್ದರೆ ಅದು ಪ್ಯಾಕ್ ಆಗಿದೆ ಅಥವಾ ಎನ್‌ಕ್ರಿಪ್ಟ್ ಆಗಿದೆ. ಯುಪಿಎಕ್ಸ್ ಎಂಬ ಉಪಕರಣದಿಂದ ಪ್ಯಾಕ್ ಆಗಿದ್ದರೆ ಅದರದೇ ಡಿ ಆಯ್ಕೆಯಿಂದ ಬಿಚ್ಚಿಕೊಳ್ಳುತ್ತದೆ. ಪೈಇನ್‌ಸ್ಟಾಲರ್‌ನಿಂದ ಮಾಡಿದ ಒಂಟಿ ಫೈಲ್ ಆದರೆ ಒಳಗಿನ ಪೈಥಾನ್ ಮಾಡ್ಯೂಲ್‌ಗಳೆಲ್ಲ ಝಡ್‌ಲಿಬ್‌ನಲ್ಲಿ ಕುಗ್ಗಿರುತ್ತವೆ, ಮೊದಲು ಹೊರತೆಗೆದು ಆಮೇಲೆ ಪಿವೈಸಿಗಳಂತೆ ನೋಡಬೇಕು. ಐಒಎಸ್ ಆ್ಯಪ್ ಸ್ಟೋರ್‌ನಿಂದ ಇಳಿಸಿದ ಬೈನರಿಯ ಕೋಡ್ ಭಾಗ ಎನ್‌ಕ್ರಿಪ್ಟ್ ಆಗಿರುತ್ತದೆ. ನಿಮ್ಮದೇ ಆ್ಯಪ್ ಆದರೆ ಅಪ್‌ಲೋಡ್‌ಗೆ ಮುಂಚಿನ ಪ್ರತಿಯನ್ನೇ ಸ್ಕ್ಯಾನ್ ಮಾಡಿ.

ಸಿ ಭಾಷೆಯಲ್ಲಿ ಫಂಕ್ಷನ್‌ನೊಳಗೆ ಅಕ್ಷರಗಳ ಅರೇ ಘೋಷಿಸಿ ಅದರಲ್ಲೇ ಕೀ ಬರೆದಿದ್ದರೆ, ಕಂಪೈಲರ್ ಅದನ್ನು 4 ಅಥವಾ 8 ಬೈಟ್‌ನ ತುಂಡುಗಳಾಗಿ ಯಂತ್ರಸೂಚನೆಗಳೊಳಗೇ ಹುದುಗಿಸಬಹುದು. ಆಗ ಸ್ಟ್ರಿಂಗ್ಸ್‌ಗೆ ಕಾಣುವುದು ತುಂಡುಗಳೇ, ಕೀ ಇಡಿಯಾಗಿ ಸಿಗದು. ಇಂಥದ್ದನ್ನು ಮತ್ತೆ ಜೋಡಿಸಿ ತೋರಿಸಲೆಂದೇ ಇರುವ ಉಪಕರಣ ಫ್ಲಾಸ್. ಮಾಲ್‌ವೇರ್ ವಿಶ್ಲೇಷಣೆಗೆಂದು ಬಂದದ್ದಾದರೂ ನಮ್ಮ ಕೆಲಸಕ್ಕೂ ಚೆನ್ನಾಗಿ ಒದಗುತ್ತದೆ, ನಿಧಾನ ಅಷ್ಟೇ. ಅನುಮಾನ ಬಂದ ಫೈಲಿನ ಮೇಲೆ ಮಾತ್ರ ಓಡಿಸಿ.

ರೆಜೆಕ್ಸ್ ಸರಿಯಿದ್ದೂ ತಪ್ಪುವುದು

ಇದು ಬಹಳ ಜನಕ್ಕೆ ಹೊಳೆಯದ ಕಾರಣ, ಸ್ವಲ್ಪ ನಿಂತು ನೋಡೋಣ.

ಕೀ ಹುಡುಕುವ ರೆಜೆಕ್ಸ್‌ಗಳನ್ನು (ಹುಡುಕಬೇಕಾದ ಅಕ್ಷರಗಳ ವಿನ್ಯಾಸ ಹೇಳುವ ಸೂತ್ರಗಳು) ಸೋರ್ಸ್ ಕೋಡ್‌ಗೆಂದು ಬರೆದಿರುತ್ತಾರೆ. ಅಲ್ಲಿ ಕೀಯ ಎರಡೂ ಬದಿ ಉದ್ಧರಣ ಚಿಹ್ನೆ, ಜಾಗ ಅಥವಾ ಸಾಲಿನ ಕೊನೆ ಇರುತ್ತದೆ. ಆದ್ದರಿಂದ ಆಚೀಚೆ "ಪದದ ಗಡಿ" ಇರಬೇಕೆಂಬ ಷರತ್ತು ಸೇರಿಸುತ್ತಾರೆ. ಬೈನರಿಯಲ್ಲಿ ಆ ಗಡಿ ಇರುವ ಖಾತರಿ ಇಲ್ಲ.

ಒಂದು ಪಿವೈಸಿಯನ್ನು ಹೆಕ್ಸ್ ನೋಟದಲ್ಲಿ ತೆರೆಯಿರಿ. ಪೈಥಾನ್ 3.7ರಿಂದ ಈಚೆಗೆ ಮೊದಲ 16 ಬೈಟ್ ತಲೆಬರಹ: ಆವೃತ್ತಿ ಹೇಳುವ 4 ಬೈಟ್ (3.11ಕ್ಕೆ ಎ7 0ಡಿ 0ಡಿ 0ಎ, 3.12ಕ್ಕೆ ಸಿಬಿ 0ಡಿ 0ಡಿ 0ಎ), ಬಾವುಟದ 4 ಬೈಟ್, ಸಾಮಾನ್ಯವಾಗಿ ಸೋರ್ಸ್ ಫೈಲ್ ಬದಲಾದ ಸಮಯದ 4 ಬೈಟ್, ಅದರ ಗಾತ್ರದ 4 ಬೈಟ್. ನಂತರ ಮಾರ್ಷಲ್ ರೂಪದ (ಪೈಥಾನ್ ತನ್ನ ವಸ್ತುಗಳನ್ನು ಬೈಟ್‌ಗಳಾಗಿ ಉಳಿಸುವ ಬಗೆ) ಕೋಡ್. ಅದರಲ್ಲಿ ಒಂದು ಚಿಕ್ಕ ಆಸ್ಕಿ ಸ್ಟ್ರಿಂಗ್ ಎಂದರೆ ಜಾತಿ ಹೇಳುವ ಒಂದು ಬೈಟ್, ಉದ್ದ ಹೇಳುವ ಒಂದು ಬೈಟ್, ಆಮೇಲೆ ಅಕ್ಷರಗಳು. ಕೊನೆ ಸೂಚಿಸುವ ಗುರುತು ಇಲ್ಲ. 40 ಅಕ್ಷರದ ಗಿಟ್‌ಹಬ್ ಟೋಕನ್ ಆದರೆ ಉದ್ದದ ಬೈಟ್ ಹೆಕ್ಸಾದಲ್ಲಿ 28. ಅದು ಆಸ್ಕಿಯಲ್ಲಿ ಆವರಣ ಚಿಹ್ನೆ, ಮುಂಗಡಿ ಸಿಕ್ಕಿತು. ಆದರೆ ಟೋಕನ್ ಮುಗಿದ ಮರುಬೈಟ್‌ನಲ್ಲೇ ಮುಂದಿನ ವಸ್ತು ಶುರು. ಅದು "ನನ್" (ಏನೂ ಇಲ್ಲ ಎಂಬ ಪೈಥಾನ್ ಬೆಲೆ) ಆಗಿದ್ದರೆ, ಆಗಿರುವುದೇ ಹೆಚ್ಚು, 4ಇ ಬೈಟ್ ಬರುತ್ತದೆ, ಅಂದರೆ ದೊಡ್ಡಕ್ಷರದ ಎನ್. ಟೋಕನ್‌ಗೆ ಎನ್ ಅಂಟಿಕೊಂಡು 41 ಅಕ್ಷರದ ಒಂದೇ ಪದದಂತೆ ಕಾಣುತ್ತದೆ. "4 ಅಕ್ಷರದ ಮುನ್ನುಡಿ, 36 ಅಕ್ಷರ, ನಂತರ ಪದದ ಗಡಿ" ಎನ್ನುವ ರೆಜೆಕ್ಸ್ ಅಲ್ಲೇ ಸೋಲುತ್ತದೆ. ಕೀ ಕಣ್ಣೆದುರಿಗಿದ್ದರೂ ವರದಿ ಸೊನ್ನೆ.

ಗೋ ಭಾಷೆಯಲ್ಲಿ ಇದು ಇನ್ನೂ ಜೋರು. ಅಲ್ಲಿ ಸ್ಟ್ರಿಂಗ್‌ಗೆ ಉದ್ದವನ್ನು ಬೇರೆ ಕಡೆ ಇಟ್ಟುಕೊಳ್ಳುವುದರಿಂದ, ಲಿಂಕರ್ ಎಲ್ಲ ಸ್ಟ್ರಿಂಗ್‌ಗಳನ್ನೂ ನಡುವೆ ಸೊನ್ನೆ ಬೈಟ್ ಇಲ್ಲದೆ ಒಂದಕ್ಕೊಂದು ಒತ್ತೊತ್ತಾಗಿ ಕೂರಿಸುತ್ತದೆ. ಸ್ಟ್ರಿಂಗ್ಸ್ ಓಡಿಸಿದರೆ ಸಾವಿರಾರು ಅಕ್ಷರದ ಒಂದೇ ಸಾಲು. ಎರಡೂ ಬದಿಯ ಗಡಿ ಹೋಯಿತು. ರಸ್ಟ್‌ನಲ್ಲೂ ಇದೇ ಬಗೆ.

ಪರಿಹಾರ: ಬೈನರಿಗೆಂದೇ ಪ್ರತ್ಯೇಕ ನಿಯಮಗಳ ಗುಂಪು ಇಟ್ಟುಕೊಳ್ಳಿ. ಅದರಲ್ಲಿ ಗಡಿಯ ಷರತ್ತು ಬೇಡ, ಸಾಲಿನ ಆರಂಭ-ಅಂತ್ಯದ ಗುರುತೂ ಬೇಡ. "ಪಾಸ್‌ವರ್ಡ್ ಸಮ ಚಿಹ್ನೆ ಇಂಥದ್ದು" ಎಂದು ಹುಡುಕುವ ನಿಯಮಗಳೂ ಇಲ್ಲಿ ನಡೆಯವು, ಏಕೆಂದರೆ ವೇರಿಯಬಲ್ ಹೆಸರು ಮತ್ತು ಬೆಲೆ ಬೇರೆ ಬೇರೆ ಮೂಲೆಗಳಲ್ಲಿರುತ್ತವೆ. ಗಟ್ಟಿ ಮುನ್ನುಡಿ ಇರುವ ಕೀಗಳೇ ಇಲ್ಲಿ ನಂಬಿಕಸ್ಥವು: ಗಿಟ್‌ಹಬ್‌ನ ಜಿಎಚ್‌ಪಿ ಅಂಡರ್‌ಸ್ಕೋರ್, ಎಡಬ್ಲ್ಯೂಎಸ್‌ನ ಎಕೆಐಎ (ಕಾಯಂ ಕೀ) ಮತ್ತು ಎಎಸ್‌ಐಎ (ತಾತ್ಕಾಲಿಕ ಕೀ), ಗೂಗಲ್ ಎಪಿಐ ಕೀಯ ಎಐಝಡ್‌ಎ, ಸ್ಲ್ಯಾಕ್‌ನ ಎಕ್ಸ್‌ಓಎಕ್ಸ್‌ಬಿ, ಸ್ಟ್ರೈಪ್‌ನ ಎಸ್‌ಕೆ ಲೈವ್. ಎಡಬ್ಲ್ಯೂಎಸ್‌ನ ಗುಪ್ತ ಭಾಗ 40 ಅಕ್ಷರದ್ದು, ಅದಕ್ಕೆ ಮುನ್ನುಡಿಯಿಲ್ಲ. ಎಕೆಐಎ ಸಿಕ್ಕ ಫೈಲಿನಲ್ಲೆಲ್ಲ 40 ಅಕ್ಷರದ ಬೇಸ್64 ತುಂಡುಗಳನ್ನು ಕೈಯಾರೆ ಹುಡುಕಿ. ಸೋರ್ಸ್‌ನಲ್ಲಿ ಪಕ್ಕಪಕ್ಕದಲ್ಲಿದ್ದ ಜೋಡಿ, ಉದ್ದದ ಪ್ರಕಾರ ವಿಂಗಡಿಸುವ ಗೋ ಬೈನರಿಯಲ್ಲಿ ದೂರದೂರ ಹೋಗಿರಬಹುದು.

ಬೇಸ್64 ಒಳಗೆ ಅಡಗಿದ ಕೀಗಳಿಗೆ ಇನ್ನೊಂದು ತೊಡಕು. ಬೇಸ್64 ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರ ಮಾಡುತ್ತದೆ. ಹಾಗಾಗಿ ಒಂದೇ ಮುನ್ನುಡಿ, ಅದು ಶುರುವಾಗುವ ಜಾಗಕ್ಕೆ ತಕ್ಕಂತೆ ಮೂರು ಬೇರೆ ರೂಪ ತಾಳುತ್ತದೆ. ಒಂದು ರೂಪವನ್ನಷ್ಟೇ ಹುಡುಕಿದರೆ ಮೂರರಲ್ಲಿ ಎರಡು ಪಾಲು ತಪ್ಪಿಹೋಗುತ್ತದೆ. ಉದ್ದನೆಯ ಬೇಸ್64 ತುಂಡುಗಳನ್ನು ಬಿಡಿಸಿ, ಬಿಡಿಸಿದ್ದರ ಮೇಲೆ ಮತ್ತೆ ಅದೇ ನಿಯಮ ಓಡಿಸುವುದು ಸರಳ. "ಬೇಸಿಕ್" ಎಂಬ ಪದದ ಹಿಂದೆಯೇ ಬರುವ ಬೇಸ್64 ತುಂಡನ್ನಂತೂ ಬಿಡಲೇಬೇಡಿ; ಬಳಕೆದಾರ ಹೆಸರು, ವಿವರಣ ಚಿಹ್ನೆ (:), ಪಾಸ್‌ವರ್ಡ್ ಮೂರೂ ಅದರಲ್ಲಿರುತ್ತವೆ.

ಯಾದೃಚ್ಛಿಕತೆಯ ಮಿತಿಯ ಲೆಕ್ಕ

ಮುನ್ನುಡಿ ಇಲ್ಲದ ಕೀಗಳಿಗೆ ಎಂಟ್ರೊಪಿ ಅಳತೆ ಬಳಸುತ್ತಾರೆ. ಬೇಸ್64ಗೆ 4.5, ಹೆಕ್ಸಾಗೆ 3.0 ಎಂಬ ಮಿತಿಗಳು ಹಳೆಯ ಕಾಲದಿಂದ ಚಲಾವಣೆಯಲ್ಲಿವೆ. ಆದರೆ ಒಂದು ಸ್ಟ್ರಿಂಗ್‌ನ ಎಂಟ್ರೊಪಿ ಅದರ ಉದ್ದಕ್ಕೆ ಆಧಾರ 2ರಲ್ಲಿ ಹಾಕಿದ ಲಾಗರಿದಮ್ ದಾಟಲಾರದು. 20 ಅಕ್ಷರದ ಕೀ, ಎಲ್ಲ ಅಕ್ಷರವೂ ಬೇರೆ ಬೇರೆ ಆಗಿದ್ದರೂ, 4.32ಕ್ಕಿಂತ ಮೇಲೆ ಹೋಗುವುದಿಲ್ಲ. ಮಿತಿ 4.5 ಇದ್ದರೆ 20 ಅಕ್ಷರದ ಯಾವ ಕೀಯೂ ಎಂದಿಗೂ ಸಿಗದು. 40 ಅಕ್ಷರಕ್ಕೆ ಮೇಲಿನ ಗಡಿ 5.32, ಹೆಕ್ಸಾಗೆ ಉದ್ದ ಎಷ್ಟಿದ್ದರೂ 4. ಉದ್ದಕ್ಕೆ ತಕ್ಕ ಮಿತಿ ಇಡಿ: 20ರ ಆಸುಪಾಸಿಗೆ 3.5ರಿಂದ 3.7, 40ಕ್ಕೆ 4.5ರೊಳಗೆ.

ಗೋ ಬೈನರಿಯ ಆ ಉದ್ದನೆಯ ಸಾಲಿಗೆ ಪೂರ್ತಿ ಎಂಟ್ರೊಪಿ ಲೆಕ್ಕ ಹಾಕಿದರೆ ಪ್ರಯೋಜನವಿಲ್ಲ, 40 ಅಕ್ಷರದ ಕಿಟಕಿಯನ್ನು ಸರಿಸುತ್ತಾ ಹೋಗಬೇಕು.

ಸುಳ್ಳು ಎಚ್ಚರಿಕೆಗಳು

ಲಿಬ್‌ಕ್ರಿಪ್ಟೋದಂಥ ಲೈಬ್ರರಿಯಲ್ಲಿ "ಬಿಗಿನ್ ಪ್ರೈವೇಟ್ ಕೀ" ಎಂಬ ಸಾಲು ಇದ್ದೇ ಇರುತ್ತದೆ, ಏಕೆಂದರೆ ಕೀ ಫೈಲನ್ನು ಗುರುತಿಸುವುದು ಅದರ ಕೆಲಸ. ಆ ಸಾಲಿನ ಹಿಂದೆಯೇ ನೂರಾರು ಅಕ್ಷರದ ಬೇಸ್64 ದೇಹ ಇದ್ದರೆ ಮಾತ್ರ ಎದ್ದು ಕೂರಿ. ಜೊತೆಯಲ್ಲಿ ಬರುವ ಸಿಎ ಸರ್ಟಿಫಿಕೇಟ್‌ಗಳು ಸಾರ್ವಜನಿಕ. 40 ಹೆಕ್ಸಾ ಅಕ್ಷರಗಳು ಬಹುತೇಕ ಗಿಟ್ ಕಮಿಟ್ ಅಥವಾ ಬಿಲ್ಡ್ ಗುರುತು. ಬೇಸ್64 ಅಕ್ಷರಮಾಲೆಯೇ 64 ಅಕ್ಷರದ ಸ್ಟ್ರಿಂಗ್ ಆಗಿ ಬಂದು ಎಂಟ್ರೊಪಿ 6 ತೋರಿಸುತ್ತದೆ, ಅದನ್ನು ನೇರ ಬಿಡುವ ಪಟ್ಟಿಗೆ ಹಾಕಿ. ಸ್ಟ್ರೈಪ್‌ನ ಪಿಕೆ ಲೈವ್ ಕೀ ಬ್ರೌಸರ್‌ನಲ್ಲಿ ಇರಲೆಂದೇ ಮಾಡಿದ್ದು.

ಬಿಡುವ ಪಟ್ಟಿಯನ್ನು ಫೈಲಿನ ಹೆಸರಿನಿಂದ ಕಟ್ಟಬೇಡಿ, ಸಿಕ್ಕ ಸ್ಟ್ರಿಂಗ್‌ನ ಹ್ಯಾಶ್‌ನಿಂದ ಕಟ್ಟಿ. ಫೈಲನ್ನೇ ಬಿಟ್ಟರೆ ನಾಳೆ ಅದೇ ಫೈಲಿಗೆ ಬರುವ ಅಸಲಿ ಕೀಯೂ ಬಿಟ್ಟುಹೋಗುತ್ತದೆ.

ಸಿಕ್ಕಿದ ಕೂಡಲೇ

ಮೊದಲು ರದ್ದು, ಆಮೇಲೆ ತನಿಖೆ. ಗಿಟ್ ಇತಿಹಾಸ ತೊಳೆಯುವುದು, ಪ್ಯಾಕೇಜ್ ಹಿಂತೆಗೆಯುವುದು, ಯಾರು ಬರೆದರೆಂದು ಹುಡುಕುವುದು ಯಾವುದೂ ಅದಕ್ಕಿಂತ ಮುಂಚೆ ಅಲ್ಲ. ಹೊರಗೆ ಹೋದ ಪ್ರತಿ ಈಗಾಗಲೇ ಎಷ್ಟು ಕಡೆ ಇಳಿದಿದೆಯೋ ಗೊತ್ತಿಲ್ಲ. ಎಡಬ್ಲ್ಯೂಎಸ್ ಕೀ ಆದರೆ ನಿಷ್ಕ್ರಿಯ ಮಾಡಿ ಕ್ಲೌಡ್‌ಟ್ರೇಲ್ ದಾಖಲೆಯಲ್ಲಿ ಅದರ ಓಡಾಟ ನೋಡಿ, ಖಚಿತವಾದ ಮೇಲೆ ಅಳಿಸಿ. ಕೀ ಯಾರದು ಎಂದು ಗೊತ್ತಾಗದಿದ್ದರೆ ಎಸ್‌ಟಿಎಸ್ ಸೇವೆಯ "ಕರೆಯುತ್ತಿರುವವರು ಯಾರು" ಎಂಬ ಕರೆಗೆ ಯಾವ ಅನುಮತಿಯೂ ಬೇಕಿಲ್ಲ, ಖಾತೆಯ ಸಂಖ್ಯೆ ಸಿಗುತ್ತದೆ. ಇದು ನಿಮ್ಮ ಸಂಸ್ಥೆಯ ಕೀಗಳಿಗೆ ಮಾತ್ರ. ಬೇರೆಯವರ ಪ್ಯಾಕೇಜಿನಲ್ಲಿ ಕೀ ಕಂಡರೆ ಓಡಿಸಿ ನೋಡುವುದು ನಿಮ್ಮ ಕೆಲಸವಲ್ಲ, ಅವರಿಗೆ ತಿಳಿಸುವುದಷ್ಟೇ. ಟಿಕೆಟ್‌ನಲ್ಲಿ ಪೂರ್ತಿ ಕೀ ಅಂಟಿಸಬೇಡಿ. ಮೊದಲ ಕೆಲವು ಅಕ್ಷರ, ಫೈಲಿನ ದಾರಿ, ಒಳಗಿನ ಜಾಗ ಇಷ್ಟು ಸಾಕು.

ರದ್ದಾದ ಮೇಲೆ ಅದು ಒಳಗೆ ಬಂದದ್ದು ಹೇಗೆಂದು ಹುಡುಕಿ. ಭಾಷೆಗೊಂದು ಸುಳಿವಿದೆ.

ಪೈಥಾನ್‌ನಲ್ಲಿ ಪಿವೈಸಿಯ ತಲೆಬರಹದಲ್ಲಿರುವ ಸಮಯ ಮತ್ತು ಗಾತ್ರವನ್ನು ಈಗಿನ ಸೋರ್ಸ್‌ನೊಂದಿಗೆ ಹೋಲಿಸಿ. ಹೊಂದದಿದ್ದರೆ ಅದು ಹಳೆಯ ಸೋರ್ಸ್‌ನ ಪಳೆಯುಳಿಕೆ. 16 ಬೈಟ್ ಬಿಟ್ಟು ಉಳಿದದ್ದನ್ನು ಮಾರ್ಷಲ್‌ನಿಂದ ಓದಿ ಕಂಪೈಲ್ ಆದ ಕೋಡನ್ನು ಬಿಡಿಸಿ ತೋರಿಸುವ ಡಿಸ್ ಮಾಡ್ಯೂಲ್‌ಗೆ ಕೊಟ್ಟರೆ ಕೀ ಯಾವ ಫಂಕ್ಷನ್‌ನ ಯಾವ ಸಾಲಿನಲ್ಲಿತ್ತು ಎಂಬುದೂ ಗೊತ್ತಾಗುತ್ತದೆ. ಬರೆದ ಪೈಥಾನ್ ಆವೃತ್ತಿಯಲ್ಲೇ ಓದಬೇಕು, ಬೇರೆ ಆವೃತ್ತಿಯಲ್ಲಿ ಮಾರ್ಷಲ್ ಎಡವುತ್ತದೆ. ಅಳಿಸಿದ ಮಾಡ್ಯೂಲಿನ ಪಿವೈಸಿ ಪೈಕ್ಯಾಶ್‌ನಲ್ಲಿ ಉಳಿದರೂ ಪೈಥಾನ್ ಅದನ್ನು ಆಮದು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಯಾವ ಟೆಸ್ಟೂ ಅದರ ಇರವನ್ನು ತೋರಿಸಿಕೊಡದು.

ಜಾವಾದಲ್ಲಿ ಸ್ಟಾಟಿಕ್ ಫೈನಲ್ ಸ್ಟ್ರಿಂಗ್‌ನ ಬೆಲೆಯನ್ನು ಜಾವಾಸಿ ಅದನ್ನು ಬಳಸುವ ಪ್ರತಿ ಕ್ಲಾಸ್‌ಗೂ ನಕಲು ಮಾಡುತ್ತದೆ. ಕಾನ್‌ಫಿಗ್ ಕ್ಲಾಸಿನಿಂದ ಕೀ ತೆಗೆದು ಅದೊಂದನ್ನೇ ಮತ್ತೆ ಕಂಪೈಲ್ ಮಾಡಿದರೆ ಬಳಸಿದ ಕ್ಲಾಸ್‌ಗಳಲ್ಲಿ ಹಳೆಯ ಕೀ ಹಾಗೇ ಇರುತ್ತದೆ. ಎರಡು ಅರ್ಧಗಳಾಗಿ ಬರೆದು ಕೂಡಿಸಿದರೂ ಉಪಯೋಗವಿಲ್ಲ, ಸ್ಥಿರ ಸ್ಟ್ರಿಂಗ್‌ಗಳನ್ನು ಕಂಪೈಲರೇ ಜೋಡಿಸಿಬಿಡುತ್ತದೆ. ಕ್ಲಾಸ್ ಫೈಲನ್ನು ಬಿಡಿಸಿ ತೋರಿಸುವ ಜಾವಾಪಿ ಆಜ್ಞೆಗೆ ವಿ ಮತ್ತು ಪಿ ಆಯ್ಕೆ ಕೊಟ್ಟು ಪ್ರತಿ ಕ್ಲಾಸಿನ ಸ್ಥಿರಾಂಕ ಪಟ್ಟಿ ನೋಡಿ; ಪೂರ್ತಿ ತೊಳೆದು ಹೊಸದಾಗಿ ಬಿಲ್ಡ್ ಮಾಡಿ.

ಗೋದಲ್ಲಿ ಬಿಲ್ಡ್ ಮಾಡುವಾಗ ಲಿಂಕರ್‌ಗೆ ಎಕ್ಸ್ ಆಯ್ಕೆಯಿಂದ ವೇರಿಯಬಲ್ ತುಂಬುವ ಪದ್ಧತಿಯೇ ಮುಖ್ಯ ಅಪರಾಧಿ. ಆವೃತ್ತಿ ಸಂಖ್ಯೆಗೆ ಇದು ಚೆಂದ, ಟೋಕನ್‌ಗೆ ಅಲ್ಲ. 1.18ರಿಂದ ಬಿಲ್ಡ್ ಮಾಹಿತಿಯೂ ಬೈನರಿಯೊಳಗೆ ಸೇರುತ್ತದೆ, ಅದರಲ್ಲಿ ಲಿಂಕರ್ ಆಯ್ಕೆಗಳು ಅಕ್ಷರಶಃ ಇರುತ್ತವೆ. ಗೋ ವರ್ಷನ್ ಆಜ್ಞೆಗೆ ಎಂ ಆಯ್ಕೆ ಕೊಡಿ, ಕೀ ಕಾಣಿಸಿದರೆ ಮೂಲವೂ ಸಿಕ್ಕಂತೆ. ಟ್ರಿಂಪಾತ್ ಆಯ್ಕೆ ಹಾಕಿ ಬಿಲ್ಡ್ ಮಾಡಿದ್ದರೆ ಆ ಸಾಲು ಇರದು, ತುಂಬಿದ ಬೆಲೆ ಮಾತ್ರ ಎಲ್ಲೂ ಹೋಗಿರುವುದಿಲ್ಲ. ರಸ್ಟ್‌ನ ಎನ್ವ್ ಮ್ಯಾಕ್ರೋ ಕೂಡ ಬಿಲ್ಡ್ ಹೊತ್ತಿನ ಪರಿಸರ ವೇರಿಯಬಲ್ಲನ್ನು ಬೈನರಿಗೆ ಅಚ್ಚೊತ್ತುತ್ತದೆ. ಓಡುವಾಗ ಓದಬೇಕೆಂದಿದ್ದರೆ ಸ್ಟ್ಯಾಂಡರ್ಡ್ ಲೈಬ್ರರಿಯ ವರ್ ಫಂಕ್ಷನ್ ಬಳಸಬೇಕು.

ಸಿ, ಸಿ++ನಲ್ಲಿ ಸಿಕ್ಕ ಜಾಗವನ್ನು ಆಬ್ಜ್‌ಡಂಪ್ ತೋರಿಸುವ ವಿಭಾಗಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಆರ್‌ಓಡೇಟಾದಲ್ಲಿದ್ದರೆ (ಓದಲಷ್ಟೇ ಬರುವ ದತ್ತಾಂಶದ ವಿಭಾಗ) ಕೋಡ್‌ನಲ್ಲಿ ಬರೆದದ್ದು, ಸ್ಟ್ರಿಪ್ ಮಾಡಿದರೂ ಹೋಗದು. ಡೀಬಗ್‌ನ ಮ್ಯಾಕ್ರೋ ವಿಭಾಗದಲ್ಲಿದ್ದರೆ ಜಿ3 ಆಯ್ಕೆಯಿಂದ ಬಂದದ್ದು. ಕಂಪೈಲರ್‌ಗೆ ಡಿ ಆಯ್ಕೆಯಲ್ಲಿ ಕೊಟ್ಟ ಕೀ, ಕೋಡ್ ಅದನ್ನು ಬಳಸದಿದ್ದರೂ, ಅಲ್ಲಿ ದಾಖಲಾಗುತ್ತದೆ.

ವೆಬ್ ಬಂಡಲ್‌ಗಳಲ್ಲಿ ವೀಟ್, ನೆಕ್ಸ್ಟ್ ಪಬ್ಲಿಕ್, ರಿಯಾಕ್ಟ್ ಆ್ಯಪ್ ಎಂದು ಶುರುವಾಗುವ ವೇರಿಯಬಲ್‌ಗಳೆಲ್ಲ ಬ್ರೌಸರ್‌ಗೆ ಹೋಗಲೆಂದೇ ಇರುವಂಥವು. ಸರ್ವರ್‌ನ ಕೀಗೆ ಯಾರಾದರೂ ಆ ಹೆಸರಿಟ್ಟಿದ್ದಾರೆಯೇ ನೋಡಿ. ಸೋರ್ಸ್ ಮ್ಯಾಪ್ ಫೈಲನ್ನೂ ಸ್ಕ್ಯಾನ್ ಮಾಡಿ, ಅದರಲ್ಲಿ ಮೂಲ ಕೋಡ್ ಪೂರ್ತಿ ಇರಬಹುದು.

ಆಂಡ್ರಾಯ್ಡ್‌ನಲ್ಲಿ ಡೆಕ್ಸ್ ಫೈಲುಗಳ ಜೊತೆ ರಿಸೋರ್ಸ್ ಪಟ್ಟಿ ಮತ್ತು ಲಿಬ್ ಫೋಲ್ಡರಿನ ಎಸ್‌ಓ ಫೈಲುಗಳನ್ನೂ ನೋಡಬೇಕು. ಬಿಲ್ಡ್ ಹೊತ್ತಿನಲ್ಲಿ ಕೋಡ್ ಕುಗ್ಗಿಸುವ ಆರ್8 ಹೆಸರುಗಳನ್ನು ಬದಲಿಸುತ್ತದೆ, ಸ್ಟ್ರಿಂಗ್‌ಗಳನ್ನು ಮುಚ್ಚುವುದಿಲ್ಲ. ಕೀಯನ್ನು ಜಾವಾದಿಂದ ಎಸ್‌ಓ ಫೈಲಿಗೆ ಸಾಗಿಸುವುದನ್ನು ಪರಿಹಾರವೆಂದು ಹೇಳುವವರಿದ್ದಾರೆ. ಅದು ಪರಿಹಾರವಲ್ಲ. ಬಳಕೆದಾರರ ಕೈಗೆ ಕೊಟ್ಟ ಪ್ರೋಗ್ರಾಂನೊಳಗೆ ಗುಟ್ಟು ನಿಲ್ಲುವುದಿಲ್ಲ. ಆ ಕರೆಯನ್ನು ನಿಮ್ಮ ಸರ್ವರ್ ಮೂಲಕ ಮಾಡಿಸಿ.

ಇಮೇಜ್ ಮತ್ತು ಭಂಡಾರ

ಡಾಕರ್ ಇಮೇಜ್ ಪದರಗಳ ಗಂಟು. ಒಂದು ಪದರದಲ್ಲಿ ನಕಲಾದ ಫೈಲನ್ನು ಮುಂದಿನ ಪದರದಲ್ಲಿ ಅಳಿಸಿದರೆ, ಚುಕ್ಕಿ ಡಬ್ಲ್ಯೂಎಚ್ ಎಂದು ಶುರುವಾಗುವ ಗುರುತಿನ ಫೈಲೊಂದು ಸೇರುತ್ತದೆ ಅಷ್ಟೇ. ಕೆಳಗಿನ ಪದರದಲ್ಲಿ ಮೂಲ ಹಾಗೇ ಇದೆ. ಹಾಗಾಗಿ ಕಂಟೇನರ್ ಓಡಿಸಿ ಒಳಗೆ ಹುಡುಕುವುದು ಸಾಲದು. ಡಾಕರ್ ಸೇವ್‌ನಿಂದ ಟಾರ್ ಮಾಡಿಕೊಂಡು ಪ್ರತಿ ಪದರವನ್ನೂ ಬೇರೆಯಾಗಿ ಬಿಚ್ಚಿ ಸ್ಕ್ಯಾನ್ ಮಾಡಿ. ಹಿಸ್ಟರಿ ಆಜ್ಞೆಯನ್ನು ಸಾಲು ಕತ್ತರಿಸದಂತೆ ಓಡಿಸಿ, ಬಿಲ್ಡ್ ಆರ್ಗ್ಯುಮೆಂಟ್‌ನಲ್ಲಿ ಕೊಟ್ಟ ಟೋಕನ್ ಅಲ್ಲೇ ಕಾಣುತ್ತದೆ. ಅದರ ಬದಲು ಬಿಲ್ಡ್‌ಕಿಟ್‌ನ ಸೀಕ್ರೆಟ್ ಮೌಂಟ್ ಬಳಸಿದರೆ ಟೋಕನ್ ಆ ಒಂದು ಆಜ್ಞೆ ಓಡುವಷ್ಟು ಹೊತ್ತು ಮಾತ್ರ ಕಾಣುತ್ತದೆ, ಪದರದಲ್ಲಿ ಉಳಿಯುವುದಿಲ್ಲ. ಡಾಕರ್‌ಇಗ್ನೋರ್‌ಗೆ ಪೈಕ್ಯಾಶ್, ಗಿಟ್ ಫೋಲ್ಡರ್, ಎನ್ವ್ ಫೈಲ್ ಮೂರನ್ನೂ, ಎಷ್ಟೇ ಆಳದಲ್ಲಿದ್ದರೂ ತಡೆಯುವಂತೆ ಎರಡು ನಕ್ಷತ್ರ ಚಿಹ್ನೆಯೊಂದಿಗೆ ಸೇರಿಸಿ. ಗಿಟ್‌ಇಗ್ನೋರ್‌ನಲ್ಲಿದೆ ಎಂದ ಮಾತ್ರಕ್ಕೆ ಡಾಕರ್ ಅದನ್ನು ಬಿಡುವುದಿಲ್ಲ, ಎರಡೂ ಬೇರೆ ಬೇರೆ ಫೈಲು.

ಪೈಪಿಐ ಅಥವಾ ರಸ್ಟ್‌ನ ಕ್ರೇಟ್ಸ್ ಭಂಡಾರಕ್ಕೆ ಹೋದ ಆವೃತ್ತಿಯನ್ನು "ಯಾಂಕ್" ಮಾಡಿದರೆ ಹೊಸಬರಿಗೆ ಅದು ತಾನಾಗಿ ಆಯ್ಕೆಯಾಗದು, ಆದರೆ ಫೈಲ್ ಇಳಿಸಿಕೊಳ್ಳಲು ಹಾಗೇ ಇರುತ್ತದೆ. ಪೈಪಿಐನಲ್ಲಿ ಅಳಿಸಿದ ಫೈಲಿನ ಹೆಸರನ್ನು ಮತ್ತೆ ಬಳಸಲೂ ಆಗುವುದಿಲ್ಲ, ಹೊಸ ಆವೃತ್ತಿ ಸಂಖ್ಯೆಯಲ್ಲೇ ಬಿಡುಗಡೆ ಮಾಡಬೇಕು.

ಇನ್ನು ಮುಂದಕ್ಕೆ ಸ್ಕ್ಯಾನ್ ಕೂರಿಸಬೇಕಾದ ಜಾಗ ಒಂದೇ: ಬಿಲ್ಡ್ ಮುಗಿದ ನಂತರ, ಅಪ್‌ಲೋಡ್‌ಗೆ ಮುಂಚೆ. ಅಪ್‌ಲೋಡ್ ಆಗುವ ಅದೇ ಫೈಲನ್ನು, ಅದರ ಹ್ಯಾಶ್ ದಾಖಲಿಸಿಕೊಂಡು, ಸ್ಕ್ಯಾನ್ ಮಾಡಬೇಕು. ಸ್ಕ್ಯಾನ್ ಆದ ಮೇಲೆ ಮತ್ತೆ ಬಿಲ್ಡ್ ಮಾಡುವ ಹೆಜ್ಜೆ ಪೈಪ್‌ಲೈನ್‌ನಲ್ಲಿ ಇರಕೂಡದು. ಬಿಲ್ಡ್ ಪ್ರತಿ ಸಲವೂ ಹೊಸದಾಗಿ ಇಳಿಸಿದ ಸೋರ್ಸ್‌ನಿಂದ, ಖಾಲಿ ಫೋಲ್ಡರ್‌ನಲ್ಲಿ ನಡೆಯಲಿ. ಡೆವಲಪರ್ ಯಂತ್ರದಿಂದ ಬಿಡುಗಡೆ ಮಾಡುವುದನ್ನು ನಿಲ್ಲಿಸಿ. ಅದೇ ಪೈಪ್‌ಲೈನ್‌ನಲ್ಲಿ ನಕಲಿ ಕೀ ಇರುವ ಪುಟ್ಟ ಬೈನರಿಗಳನ್ನು, ನೀವು ಬಳಸುವ ಪ್ರತಿ ಭಾಷೆಗೂ ಒಂದರಂತೆ, ಪ್ರತಿ ಸಲ ಸ್ಕ್ಯಾನ್ ಮಾಡಿಸಿ. ಅವುಗಳಲ್ಲಿ ಒಂದರ ಕೀ ಸಿಗದಿದ್ದರೂ ಬಿಡುಗಡೆ ತಡೆಹಿಡಿಯುವಂತೆ ಮಾಡಿ. ಸ್ಕ್ಯಾನರ್ ನವೀಕರಣವಾದಾಗ ನಿಯಮ ಬದಲಾಗಿ ಯಾವುದಾದರೂ ಭಾಷೆ ಕೈಬಿಟ್ಟುಹೋದರೆ ಅಂದೇ ಗೊತ್ತಾಗುತ್ತದೆ.